ಬನದ ಹುಣ್ಣಿಮೆಯ ದಿನ ಕಿತ್ತ ಹೂ

ಹಿಮಾಚಲಕ್ಕೆ ಬಂದ ಮೊದಲ ಬೆಳಿಗ್ಗೆ ನನ್ನ ಹಾಸಿಗೆಯ ಕೆಳಗೆ ಹಸು ಕೂಗಿತು. ಮಂಚದ ಕೆಳಗಲ್ಲ, ನೆಲದ ಕೆಳಗೆ. ಹೌಹಾರಿ ಎದ್ದು ಕುಳಿತೆ. ಪಕ್ಕದಲ್ಲಿದ್ದ ನಮ್ಮ ಮನೆಯವರು ಮುಸುಕು ಕೂಡ ತೆಗೆಯದೆ, “ದನಾ ಕೆಳಗಿರ್ತಾವು, ಮಂದಿ ಮ್ಯಾಲಿರ್ತಾರ. ಇಲ್ಲೆ ಹಂಗ. ಸುಮ್ನ ಮಕ್ಕೋ,” ಎಂದರು. ಅವರು ನನಗಿಂತ ಎರಡು ತಿಂಗಳು ಮೊದಲು ಬಂದವರು, ಹೀಗಾಗಿ ಎಲ್ಲ ಬಲ್ಲವರ ಗತ್ತು. ನನಗೆ ಮತ್ತೆ ನಿದ್ದೆ ಹತ್ತಲಿಲ್ಲ. ಹೊರಗೆ ಹೋಗಿ ನೋಡಿದರೆ ಹಿಂದಿನ ಸಂಜೆ ಒಗೆದು ಹಗ್ಗಕ್ಕೆ ಹಾಕಿದ್ದ ಸೀರೆ ಸೆಟೆದು ಹಲಗೆಯಾಗಿತ್ತು. ಮಡಚಲು ಹೋದರೆ ಲಟಕ್ಕೆಂದಿತು. ನಾನು ನೇಕಾರರ ಮನೆಯಲ್ಲಿ ಹುಟ್ಟಿದವಳು. ಸೀರೆ ಹರಿಯುವುದು, ಬಣ್ಣ ಬಿಡುವುದು, ಇಲಿ ಕಡಿಯುವುದು ಎಲ್ಲ ಕಂಡಿದ್ದೆ. ಸೀರೆ ಮುರಿಯುವ ಸದ್ದು ಕೇಳಿದ್ದು ಅವತ್ತೇ.

ಗದಗ-ಬೆಟಗೇರಿಯ ನೀವೆಲ್ಲ ನನ್ನನ್ನು ಕೇಳುವ ಮೊದಲ ಪ್ರಶ್ನೆ, ಅಷ್ಟು ದೂರ ಯಾಕೆ ಹೋದಿರಿ ಎಂಬುದು. ಕೆಟ್ಟು ಪಟ್ಟಣ ಸೇರು ಅನ್ನುತ್ತಾರೆ. ನಾವು ಅಂಥಾ ಕೆಟ್ಟೂ ಇರಲಿಲ್ಲ, ಸೇರಿದ್ದು ಪಟ್ಟಣವನ್ನೂ ಅಲ್ಲ. ನಮ್ಮ ಮನೆಯವರು ಹಿರೇಹಂದಿಗೋಳದವರು. ಡೋಣಿ ಕಡೆ ಗುಡ್ಡದ ಮೇಲೆ ತಿರುಗುವ ಗಾಳಿ ಫ್ಯಾನುಗಳ ರಿಪೇರಿ ಮಾಡಿಕೊಂಡಿದ್ದರು. ಆ ಗುತ್ತಿಗೆ ಮುಗಿದಾಗ ಜೊತೆಯವರೊಬ್ಬರು ಕುಲ್ಲು ಜಿಲ್ಲೆಯ ಒಂದು ಕಣಿವೆಗೆ ಕರೆದರು. ಅಲ್ಲಿ ಹೊಳೆಯ ನೀರಿನಿಂದ ಕರೆಂಟು ತೆಗೆಯುವ ಸಣ್ಣದೊಂದು ಕೇಂದ್ರವಿದೆ. “ಗಾಳಿ ಬಿಟ್ಟು ನೀರ ಹಿಡದ್ರಾತು. ಯಂತ್ರ ಅಂತೂ ತಿರಗೂದ ಹೌದಲ್ಲ,” ಎಂದು ಇವರು ಹೊರಟೇಬಿಟ್ಟರು. ಹಿಂದಿನಿಂದ ನಾನೂ ಎರಡು ಟ್ರಂಕು, ಒಂದು ಚೀಲ ಜೋಳದ ಹಿಟ್ಟು, ಬನಶಂಕರಿ ತಾಯಿಯ ಫೋಟೋ ಕಟ್ಟಿಕೊಂಡು ಬಂದೆ.

ಮನೆ ಕೊಟ್ಟವರು ಅರವತ್ತು ದಾಟಿದ ಒಬ್ಬ ಹೆಂಗಸು. ಊರೆಲ್ಲ ಅವರನ್ನು ಅಮ್ಮಾಜಿ ಅನ್ನುತ್ತಿತ್ತು, ನಾವೂ ಅಂದೆವು. ಟ್ಯಾಕ್ಸಿ ಓಡಿಸುವ ಮಗನ ಜೊತೆ ಅವರು ಮೇಲಂತಸ್ತಿನ ಒಂದು ಬದಿಗೆ, ನಾವು ಇನ್ನೊಂದು ಬದಿಗೆ, ಹಸು ಕೆಳಗೆ. ಕೋಣೆಯ ನಡುವೆ ತಗಡಿನ ಒಲೆ ಇರುತ್ತದೆ. ಅದಕ್ಕೆ ಅಲ್ಲಿ ತಂದೂರ್ ಅನ್ನುತ್ತಾರೆ, ಆದರೆ ಅದು ರೊಟ್ಟಿ ಬಡಿಯುವ ತಂದೂರ್ ಅಲ್ಲ. ಕಟ್ಟಿಗೆ ಹಾಕಿದರೆ ಕೋಣೆ ಕಾಯುತ್ತದೆ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ನೆಲಕ್ಕೆ ನೀರು ಚಿಮುಕಿಸಿ ಅದರ ಮೇಲೆ ಮಲಗುವ ನನಗೆ, ನೆಲ ಬೆಚ್ಚಗಿರಲಿ ಎಂದು ಹಸುವಿನ ಮೇಲೆ ಮನೆ ಕಟ್ಟಿಕೊಂಡ ಜನರ ಬುದ್ಧಿ ಅರ್ಥವಾಗಲು ಒಂದು ಇಡೀ ಜನವರಿ ಬೇಕಾಯಿತು.

ಭಾಷೆಯ ಬಗ್ಗೆ ನನಗೆ ಸೊಕ್ಕಿತ್ತು. ಬೆಟಗೇರಿಯಲ್ಲಿ ಬೆಳೆದವರಿಗೆ ಹಿಂದಿ ಬರುತ್ತದೆ ಎಂದೇ ನಮ್ಮ ನಂಬಿಕೆ. ಮೊದಲ ದಿನ ಅಮ್ಮಾಜಿ ಎರಡನೇ ಲೋಟ ಚಹಾ ಸುರಿಯಲು ಬಂದಾಗ, ಬೇಡ ಅನ್ನುವುದಕ್ಕೆ ನಮ್ಮ ಓಣಿಯಲ್ಲಿ ಅನ್ನುವ ಹಾಗೆ “ನಕ್ಕೋ ಅಮ್ಮಾಜಿ” ಎಂದೆ. ಅವರು ಕೆಟಲ್ ಹಿಡಿದುಕೊಂಡೇ ನಿಂತರು, ಆಮೇಲೆ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ನಮ್ಮ ಓಣಿಯ ಹಿಂದಿಗೆ ಅಲ್ಲಿ ಯಾರೂ ಬೆಲೆ ಕೊಡಲಿಲ್ಲ. ಆದರೆ ಅವರು ಕಲಿಸಿದರು. ಅವರ ಪಹಾಡಿ ಬೆರೆತ ಹಿಂದಿಯನ್ನು ಇಲ್ಲಿ ನಿಮಗಾಗಿ ಕನ್ನಡಕ್ಕೆ ತಿರುಗಿಸಿ ಹೇಳುತ್ತೇನೆ. ಅವರ ದನಿಯ ಏರಿಳಿತ ಮಾತ್ರ ನೀವೇ ಊಹಿಸಿಕೊಳ್ಳಬೇಕು.

ಊಟದಲ್ಲಿ ಬೇಗ ರಾಜಿಯಾಯಿತು. ಅವರು ಸಿಡ್ಡು ಅನ್ನುವುದನ್ನು ಮಾಡುತ್ತಾರೆ. ಹುಳಿ ಬಂದ ಗೋಧಿ ಹಿಟ್ಟಿನೊಳಗೆ ಅಕ್ರೋಟು ತುಂಬಿ ಹಬೆಯಲ್ಲಿ ಬೇಯಿಸಿ ಮೇಲೆ ತುಪ್ಪ ಸುರಿಯುವುದು. ನಮ್ಮ ಕಡುಬಿನ ದೊಡ್ಡಪ್ಪ ಅನ್ನಿ. ನಾನು ಶೇಂಗಾ ಚಟ್ನಿ ಕೊಟ್ಟೆ. ಅಮ್ಮಾಜಿ ಒಂದು ಚಿಟಿಕೆ ನಾಲಿಗೆಗೆ ಹಚ್ಚಿ, ನೀರು ಕುಡಿದು, ಮತ್ತೊಂದು ಚಿಟಿಕೆ ಹಚ್ಚಿದರು. ಒಂದು ತಿಂಗಳೊಳಗೆ ಸಿಡ್ಡಿನ ಜೊತೆ ಚಟ್ನಿ ಇಲ್ಲದಿದ್ದರೆ ಮುಖ ಊದಿಸುವ ಮಟ್ಟಕ್ಕೆ ಬಂದರು.

ನನ್ನ ನಿಜವಾದ ಗೆಲುವು ಮಗ್ಗದಲ್ಲಿ ಆಯಿತು. ಆ ಕಡೆ ಚಳಿಗಾಲದಲ್ಲಿ ಹೊಲದ ಕೆಲಸ ನಿಂತಾಗ ಹೆಂಗಸರು ಉಣ್ಣೆ ನೇಯುತ್ತಾರೆ. ಅಮ್ಮಾಜಿಯ ಪಡಸಾಲೆಯಲ್ಲೂ ಒಂದು ಮಗ್ಗ ಇತ್ತು. ಬೆಟಗೇರಿಯಲ್ಲಿ ನಾವು ಕುಣಿಯಲ್ಲಿ ಕಾಲಿಳಿಬಿಟ್ಟು ನೆಲದ ಮಟ್ಟಕ್ಕೆ ಕುಳಿತು ನೇಯುವವರು. ಇಲ್ಲಿ ಕುಣಿ ಇಲ್ಲ, ಎತ್ತರದ ಹಲಗೆಯ ಮೇಲೆ ಕುಳಿತು ನೇಯಬೇಕು. ಮೊದಲ ದಿನ ಮರದ ಮೇಲೆ ಹತ್ತಿ ಕುಳಿತಂತಾಗಿ ಬೆನ್ನು ನೊಂದಿತು. ಆದರೆ ಎಳೆ ಹರಿದಾಗ ಗಂಟು ಹಾಕುವುದಕ್ಕೆ ಕೈಗೆ ಯಾವ ಭಾಷೆಯೂ ಬೇಕಾಗಲಿಲ್ಲ. ಅಮ್ಮಾಜಿ ನನ್ನ ಬೆರಳುಗಳನ್ನೇ ನೋಡುತ್ತ, “ನೀನು ಬಾಡಿಗೆಗೆ ಬಂದವಳು ಅಂತ ತಿಳಿದಿದ್ದೆ, ನಮ್ಮ ಕುಲದವಳೇ ಬಂದಿದ್ದೀಯ,” ಎಂದರು. ಅವತ್ತಿನಿಂದ ದಿನಾ ಬೆಳಿಗ್ಗೆ ಹತ್ತಕ್ಕೆ “ನೀಲಾ, ಚಾ!” ಎಂಬ ಕೂಗು ಶುರುವಾಯಿತು. ನಮ್ಮ ಮನೆಯವರು ಹೊಳೆಯ ದಂಡೆಗೆ ಹೋದರೆ ಸಂಜೆಯ ತನಕ ನನಗೆ ಕೇಳುತ್ತಿದ್ದ ಮನುಷ್ಯರ ದನಿ ಅದೊಂದೇ. ಆ ಕೂಗು ಇಲ್ಲದಿದ್ದರೆ ನಾನು ಮೊದಲ ಚಳಿಗಾಲದಲ್ಲೇ ಗಂಟು ಕಟ್ಟಿ ವಾಪಸು ಬಂದಿರುತ್ತಿದ್ದೆ. ಇದನ್ನು ಮುಚ್ಚಿಡುವುದೇನಿದೆ.

ಒಂದು ಕೊರತೆ ಮಾತ್ರ ತುಂಬಲಿಲ್ಲ. ಹೂ. ನಮ್ಮಲ್ಲಿ ಹೂವಿಗೇನು ಬರ? ಸೇವಂತಿಗೆ ಹೋದರೆ ಕಾಕಡ, ಕಾಕಡ ಹೋದರೆ ಮಲ್ಲಿಗೆ. ಮಾರುವವರು ಬಾಗಿಲಿಗೇ ಬರುತ್ತಾರೆ. ಇಲ್ಲಿ ದೀಪಾವಳಿ ಕಳೆಯಿತೆಂದರೆ ಚೆಂಡು ಹೂ ಸುಟ್ಟುಹೋಗುತ್ತದೆ, ಆಮೇಲೆ ನಾಲ್ಕು ತಿಂಗಳು ಬರೀ ಕಡ್ಡಿ ಮತ್ತು ಹಿಮ. ತಾಯಿಯ ಫೋಟೋಕ್ಕೆ ಪ್ಲಾಸ್ಟಿಕ್ ಮಾಲೆ ಹಾಕಿದ್ದೆ. ದಿನಾ ಅದರ ಧೂಳು ಒರೆಸುವಾಗ ನಾಚಿಕೆಯಾಗುತ್ತಿತ್ತು.

ಈಗ ನಮ್ಮ ಊರಿನ ಒಂದು ಪದ್ಧತಿ ಹೇಳಬೇಕು. ನಿಮಗೆ ಗೊತ್ತಿರುವುದೇ, ಆದರೂ ದೂರದಿಂದ ನೋಡಿದಾಗಲೇ ಅದು ಪದ್ಧತಿ ಅಂತ ಕಾಣುವುದು. ನಸುಕಿನಲ್ಲಿ ಬುಟ್ಟಿ ಹಿಡಿದು ಹೊರಟ ಹೆಂಗಸು ಯಾರದೇ ಕಂಪೌಂಡಿನಿಂದ ಟೊಂಗೆ ಹೊರಗೆ ಬಾಗಿದ್ದರೂ ಹೂ ಕೀಳಬಹುದು. ಕೇಳಬೇಕಾಗಿಲ್ಲ. ನಮ್ಮವ್ವ ಜೀವನಪೂರ್ತಿ ಹಾಗೇ ಮಾಡಿದಳು. ನಮ್ಮ ದಾಸವಾಳವನ್ನು ಯಾರು ಕಿತ್ತರೂ ಕಿಟಕಿಯಿಂದ ನೋಡಿ ಸುಮ್ಮನಿರುತ್ತಿದ್ದಳು. “ದೇವರಿಗೆ ಒಯ್ದ ಹೂವು ಕಳವು ಅಲ್ಲ,” ಎಂಬುದು ಅವಳ ಕಾನೂನು. ಒಂದೇ ಕಟ್ಟಳೆ, ಗಿಡ ಬೋಳಿಸಬಾರದು, ಮನೆಯವರಿಗೆ ನಾಲ್ಕು ಬಿಡಬೇಕು. ನಾನು ಕಾನೂನು ಮಾತ್ರ ನೆನಪಿಟ್ಟುಕೊಂಡೆ, ಕಟ್ಟಳೆ ಮರೆತೆ.

ಎರಡನೇ ಚಳಿಗಾಲದ ಬನದ ಹುಣ್ಣಿಮೆ, ಜನವರಿಯಲ್ಲಿ ಬರುವ ಬನಶಂಕರಿಯ ಹಬ್ಬ. ನಮ್ಮ ಓಣಿಯಲ್ಲಿ ಅವತ್ತು ತಾಯಿಗೆ ಹತ್ತಾರು ಬಗೆ ಕಾಯಿಪಲ್ಲೆ ಮಾಡುತ್ತಾರೆ. ನನ್ನ ಹತ್ತಿರ ಇದ್ದದ್ದು ಆಲೂಗಡ್ಡೆ, ಮೂಲಂಗಿ, ಮತ್ತೆ ಆಲೂಗಡ್ಡೆ. ಬೆಳಿಗ್ಗೆ ಸ್ನಾನ ಮಾಡಿ ಕಟ್ಟಿಗೆ ತರಲು ದನದ ಕೊಟ್ಟಿಗೆಯ ಹಿಂದೆ ಹೋದೆ. ಅಲ್ಲಿ ಕಟ್ಟಿಗೆ ಬಣವೆಯ ಮಗ್ಗುಲಲ್ಲಿ ನನ್ನೆತ್ತರದ ಒಂದು ಪೊದೆ ಇತ್ತು. ಎಲೆ ಉದುರಿ ಬರೀ ಕಡ್ಡಿ, ಅಷ್ಟು ದಿನ ಅದನ್ನು ನಾನು ಬೇಲಿ ಅಂದುಕೊಂಡಿದ್ದೆ. ಆ ಕಡ್ಡಿಗಳ ತುದಿಯಲ್ಲಿ ಅವತ್ತು ಮೂರು ಗೊಂಚಲು ಹೂ ಬಿಟ್ಟಿತ್ತು. ಮೊಗ್ಗು ಗುಲಾಬಿ, ಅರಳಿದ್ದು ಬಿಳಿ. ಒಂದೂ ಎಲೆ ಇಲ್ಲ, ಸುತ್ತ ಹಿಮ, ಮತ್ತೆ ಏಲಕ್ಕಿ ಹಾಕಿದ ಹಾಲಿನಂಥ ಸುವಾಸನೆ. ನನ್ನ ಕಣ್ಣಲ್ಲಿ ನೀರು ಬಂತು. ತಾಯಿ ತನ್ನ ಹೂ ತಾನೇ ತರಿಸಿಕೊಂಡಳು ಎನಿಸಿತು. ಸೆರಗೊಡ್ಡಿ ಮೂರನ್ನೂ ಕಿತ್ತೆ.

ಪೂಜೆಯಾಯಿತು. ಹೋಳಿಗೆ ಮಾಡಿ, ಒಂದು ತಟ್ಟೆಯಲ್ಲಿ ಹೋಳಿಗೆ, ಅದರ ಮೇಲೆ ಪ್ರಸಾದದ ಒಂದು ಗೊಂಚಲು ಇಟ್ಟುಕೊಂಡು ಹಿಗ್ಗಿನಿಂದ ಅಮ್ಮಾಜಿಯ ಕೋಣೆಗೆ ಹೋದೆ. ಮೊಣಕಾಲು ಬಾತು ವಾರದಿಂದ ಅವರು ಒಲೆ ಬಿಟ್ಟು ಕದಲಿರಲಿಲ್ಲ. ತಟ್ಟೆ ನೋಡಿದರು. ಹೋಳಿಗೆ ಮುಟ್ಟಲಿಲ್ಲ.

“ಇದು ಎಲ್ಲಿಂದ ಬಂತು?”

“ಹಿತ್ತಲಿಂದ ಅಮ್ಮಾಜಿ. ಆ ಒಣ ಕಡ್ಡಿ ಗಿಡ ಇದೆಯಲ್ಲ, ಅದರ ಮೇಲೆ! ಪವಾಡ ನೋಡಿ.”

“ಎಷ್ಟು ಇದ್ದವು?”

“ಮೂರು ಗೊಂಚಲು.”

“ಮೂರನ್ನೂ ಕಿತ್ತೆಯಾ?”

ಅವರು ಗೋಡೆ ಹಿಡಿದು ಎದ್ದರು. ಬೇಡ, ಜಾರುತ್ತದೆ ಎಂದರೂ ಕೇಳದೆ ಮೆಟ್ಟಿಲಿಳಿದು, ಕೊಟ್ಟಿಗೆ ಸುತ್ತಿ, ಗಿಡದ ಮುಂದೆ ಹೋಗಿ ನಿಂತರು. ಹೂ ಮುರಿದ ತುದಿಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದರು. “ಎಂಟು ವರ್ಷ ಆಯಿತು ನೀಲಾ,” ಎಂದರು. ಆಮೇಲೆ ಅವರು ಹೇಳಿದ್ದನ್ನು ನಾನು ಆ ಮಂಜಿನಲ್ಲಿ ನಡುಗುತ್ತ ಕೇಳಿದೆ.

ಆ ಗಿಡದ ಹೆಸರು ಅವರ ಬಾಯಲ್ಲಿ ತಲಾಂಜ್. ಅದು ಮೇಲಿನ ಕಾಡಿನದು. ಅಮ್ಮಾಜಿಯ ತವರೂರು ಆ ಎತ್ತರದಲ್ಲಿದೆ, ಅಲ್ಲಿ ಮನೆ ಮನೆಯ ಹಿಂದೆ ಇದು ತಾನಾಗಿ ಬೆಳೆಯುತ್ತದೆ, ಚಳಿಗಾಲದಲ್ಲಿ ಬೋಳು ಕಡ್ಡಿಯ ಮೇಲೆ ಹೂ ಬಿಡುತ್ತದೆ. ಅವರನ್ನು ಕೆಳಗಿನ ಈ ಊರಿಗೆ ಮದುವೆ ಮಾಡಿ ಕಳಿಸುವಾಗ ಅವರ ತಾಯಿ, “ನಮ್ಮ ತಲಾಂಜ್ ಕೆಳಗೆ ಹೂ ಬಿಡುವುದಿಲ್ಲ, ನೀನೂ ಅಲ್ಲಿ ನಗುವುದಿಲ್ಲ,” ಎಂದಿದ್ದರಂತೆ. ಮಗಳು ದೂರ ಹೋಗುವ ಸಂಕಟಕ್ಕೆ ತಾಯಿ ಆಡಿದ ಮಾತು. ಆದರೆ ಮಗಳಿಗೆ ಅದು ಚುಚ್ಚಿ ಕುಳಿತಿತ್ತು. ತಾಯಿ ತೀರಿಕೊಂಡಾಗ ಕೊನೆಯ ಬಾರಿ ಹೋದವರು ಬೇರು ಸಹಿತ ಒಂದು ಸಸಿ ಕಿತ್ತು ತಂದರು. ಬಿಸಿಲಿಗೆ ಒಣಗಿತು ಎಂದು ಎರಡು ಸಲ ಜಾಗ ಬದಲಿಸಿ, ಕೊನೆಗೆ ಕೊಟ್ಟಿಗೆಯ ನೆರಳಿನಲ್ಲಿ ಊರಿದರು. ಪ್ರತಿ ವರ್ಷ ಎಲೆ ಬಂತು, ಎಲೆ ಹೋಯಿತು, ಹೂ ಬರಲಿಲ್ಲ. ದೃಷ್ಟಿ ತಾಗುತ್ತದೆ ಎಂದು ಯಾರಿಗೂ ಹೇಳಲಿಲ್ಲ, ನನಗೂ ಹೇಳಿರಲಿಲ್ಲ.

“ಗಿಡದ ಮೇಲೆ ಒಮ್ಮೆ ನೋಡಬೇಕಿತ್ತು. ಅವ್ವನಿಗೆ ಹೇಳಬೇಕಿತ್ತು, ನೋಡು ಬಿಟ್ಟಿತು ಅಂತ,” ಎಂದರು. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ, ನನ್ನ ಬಾಯಿ ನಿಮಗೆ ಗೊತ್ತು. ಅವರು ಬೈಯಲಿಲ್ಲ.

ಮರುದಿನ ಹತ್ತು ಗಂಟೆಗೆ ಕೂಗು ಬರಲಿಲ್ಲ. ಅದರ ಮರುದಿನವೂ ಇಲ್ಲ. ಎದುರಾದರೆ ಸೌಮ್ಯವಾಗಿ ತಲೆಯಾಡಿಸುತ್ತಿದ್ದರು, ಬಾಡಿಗೆಯವರಿಗೆ ಆಡಿಸುವ ಹಾಗೆ. ನಾನೊಬ್ಬಳೇ ಕೋಣೆಯಲ್ಲಿ ಕುಳಿತು ಪ್ಲಾಸ್ಟಿಕ್ ಮಾಲೆ ನೋಡುತ್ತ ಚಹಾ ಕುಡಿದೆ. ಎರಡು ವಾರವಾದ ಮೇಲೆ ನಮ್ಮ ಮನೆಯವರು, “ಬ್ಯಾರೆ ಮನಿ ನೋಡೂಣೇನು? ಕೇಂದ್ರದ ಹತ್ರ ಒಂದು ಖಾಲಿ ಐತಿ,” ಎಂದರು.

“ಮನಿ ಬಿಟ್ರ ಕಳವು ಮಾಡಿ ಓಡಿ ಹೋದಂಗ ಆಗತೈತ್ರಿ,” ಎಂದೆ.

“ದೇವರಿಗೆ ಒಯ್ದ ಹೂವು ಕಳವು ಅಲ್ಲಂತಿದ್ದೆಲ್ಲ?”

“ಅದು ಬೆಟಗೇರ್‍ಯಾಗ!” ಎಂದು ರೇಗಿದೆ. ಅವರು ನಕ್ಕರು, ನನಗೆ ಮತ್ತೂ ಸಿಟ್ಟು ಬಂತು. ಸಿಟ್ಟಿನಲ್ಲೇ ಎದ್ದು ಹಿತ್ತಲಿಗೆ ಹೋದೆ.

ಕೊಟ್ಟಿಗೆಯ ಮಾಡಿನಿಂದ ಜಾರಿದ ಹಿಮವೆಲ್ಲ ಆ ಗಿಡದ ಮೇಲೆ ಬಿದ್ದು ಒಂದು ಬದಿಯ ಟೊಂಗೆಗಳು ನೆಲ ಹಿಡಿದಿದ್ದವು. ಕೈಯಿಂದಲೇ ಹಿಮ ಬಿಡಿಸಿದೆ. ಬುಡಕ್ಕೆ ಒತ್ತಿಕೊಂಡಿದ್ದ ಕಟ್ಟಿಗೆ ಬಣವೆಯನ್ನು ಒಂದೊಂದೇ ತುಂಡು ಎತ್ತಿ ಆಚೆ ಪೇರಿಸಿದೆ. ಬೆರಳು ಮರಗಟ್ಟಿದವು. ಗುದ್ದಲಿ ತೆಗೆದುಕೊಂಡಾಗ ಮೇಲಿನ ಪಡಸಾಲೆಯಿಂದ ದನಿ ಬಂತು, “ಬೇರು ಮೇಲೇ ಇದೆ. ಗುದ್ದಲಿ ಬೇಡ, ಕೈಯಲ್ಲಿ ಮಾಡು.” ಎರಡು ವಾರದ ಮೇಲೆ ಬಂದ ಮೊದಲ ಮಾತು. ನಾನು ತಲೆ ಎತ್ತಲಿಲ್ಲ. ಗುದ್ದಲಿ ಬದಿಗಿಟ್ಟು ಕೈಯಲ್ಲೇ ಕೆದರಿದೆ.

ಹೀಗೆ ನನಗೆ ಒಂದು ವರ್ಷದ ಚಾಕರಿ ಸಿಕ್ಕಿತು. ವಸಂತದಲ್ಲಿ ಕುರಿಗಾರರು ಮೇಲೆ ಹೋಗುವಾಗ ದಾರಿಯಲ್ಲಿ ಬಿದ್ದ ಹಿಕ್ಕೆ ಆರಿಸಿ ತಂದು, ಕಾಡಿನ ಕೊಳೆತ ಎಲೆಯ ಜೊತೆ ಬೆರೆಸಿ ಬುಡಕ್ಕೆ ಹಾಕಿದೆ. ನಮ್ಮ ಕಡೆ ತಿಪ್ಪೆಗೊಬ್ಬರ ಹಾಕಿದರೆ ಸಾಕು, ಬಿಸಿಲು ಉಳಿದದ್ದನ್ನು ಮಾಡುತ್ತದೆ. ಇಲ್ಲಿ ಬಿಸಿಲೇ ಶತ್ರು. ಮೇ ತಿಂಗಳಲ್ಲಿ ನಾನು ಹಳೇ ಸೀರೆಯೊಂದನ್ನು ನಾಲ್ಕು ಕೋಲಿಗೆ ಕಟ್ಟಿ ಗಿಡಕ್ಕೆ ನೆರಳು ಮಾಡಿದೆ. ದಾರಿಹೋಕರು ಒಳಗೆ ಯಾರೋ ಸ್ನಾನ ಮಾಡುತ್ತಿದ್ದಾರೆ ಅಂದುಕೊಂಡು ಮುಖ ತಿರುಗಿಸಿ ಹೋಗುತ್ತಿದ್ದರು. ಮಳೆಗಾಲದಲ್ಲಿ ಎಲೆ ದಟ್ಟವಾಗಿ ಬಂತು, ನೆರಿಗೆ ನೆರಿಗೆಯಾದ ಅಗಲ ಎಲೆ. ಜುಲೈ ಸುಮಾರಿಗೆ ಒಂದು ಬೆಳಿಗ್ಗೆ ಯಾವ ಪೀಠಿಕೆಯೂ ಇಲ್ಲದೆ “ನೀಲಾ, ಚಾ!” ಎಂಬ ಕೂಗು ಕೇಳಿತು. ನಾನು ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದೆ. ಹೂವಿನ ಮಾತು ಇಬ್ಬರೂ ಎತ್ತಲಿಲ್ಲ.

ಆದರೂ ಅಕ್ಟೋಬರಿನಲ್ಲಿ ಎಲ್ಲ ಕೆಡಿಸಿಬಿಡುತ್ತಿದ್ದೆ. ಎಲೆ ಕೆಂಪಾಗಿ ಉದುರತೊಡಗಿತು. ಲಕ್ಷ್ಮೇಶ್ವರದಲ್ಲಿ ನನ್ನ ಸೋದರಮಾವನ ಮಲ್ಲಿಗೆ ತೋಟವಿತ್ತು. ಚಳಿಗಾಲದಲ್ಲಿ ಬಳ್ಳಿಗಳನ್ನು ಕತ್ತರಿಸಿದರೆ ಹೊಸ ಚಿಗುರು ಒಡೆದು ಬೇಸಿಗೆಯಲ್ಲಿ ಮೊಗ್ಗು ತುಂಬುತ್ತಿದ್ದವು. ಕತ್ತರಿ ಬೀಳದ ಗಿಡ ಸೋಮಾರಿಯಾಗುತ್ತದೆ ಎಂದು ಮಾವ ಹೇಳುತ್ತಿದ್ದ. ಅದೇ ಧೈರ್ಯದಲ್ಲಿ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಹುಡುಕಿ ತಂದು, ತುದಿಗಳನ್ನೆಲ್ಲ ಒಂದು ಗೇಣು ಸವರಿಬಿಡೋಣ ಎಂದು ಮೊದಲ ಟೊಂಗೆ ಹಿಡಿದಿದ್ದೆ. ಮೇಲಿನಿಂದ ಬಂದ ಕಿರುಚಾಟಕ್ಕೆ ಕೆಳಗಿದ್ದ ಹಸುವೂ ಬೆದರಿತು.

ಅಮ್ಮಾಜಿ ಮೊಣಕಾಲು ಮರೆತು ಇಳಿದು ಬಂದರು. ಕತ್ತರಿ ಕಸಿದುಕೊಂಡು, ನನ್ನ ತೋರುಬೆರಳು ಹಿಡಿದು ಟೊಂಗೆಯ ತುದಿಗೆ ಒತ್ತಿದರು. “ಇದು ಚೂಪಾಗಿದೆಯಾ? ಇದು ಎಲೆ. ಇದನ್ನು ಮುಟ್ಟು. ದಪ್ಪಗಿದೆಯಾ? ಇದು ಹೂ. ಈಗಲೇ ಒಳಗೆ ಕೂತಿದೆ, ಚಳಿ ಪೂರ್ತಿ ತಿಂದ ಮೇಲೆ ಹೊರಗೆ ಬರುತ್ತದೆ. ನೀನು ಕತ್ತರಿಸುವುದು ಕಡ್ಡಿಯನ್ನಲ್ಲ.” ನನ್ನ ಬೆರಳ ಕೆಳಗೆ ಅದು ಜೋಳದ ಕಾಳಿನಷ್ಟಿತ್ತು. ನಾವು ಇಬ್ಬರೂ ಸೇರಿ ದಪ್ಪನೆಯವನ್ನು ಹುಡುಕಿದೆವು. ಹದಿನಾಲ್ಕು ಸಿಕ್ಕವು. “ಯಾರಿಗೂ ಹೇಳಬೇಡ,” ಎಂದರು. ನಮ್ಮ ಮನೆಯವರಿಗೂ ಹೇಳಲಿಲ್ಲ, ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಮುಚ್ಚಿಟ್ಟ ಮೊದಲ ಸುದ್ದಿ ಅದು.

ಡಿಸೆಂಬರಿನಲ್ಲಿ ಮೊಗ್ಗು ಕೆಂಪಗಾಗತೊಡಗಿತು. ಆಗಲೇ ಊರಿನಿಂದ ಅಣ್ಣನ ಫೋನು ಬಂತು. ಅವನ ಮಗಳು ಲಕ್ಷ್ಮಿಯ ಕುಬಸ ಜನವರಿಯಲ್ಲಿ, ಬಸುರಿಗೆ ಹಸಿರು ಸೀರೆ, ಕುಬಸ ಕೊಟ್ಟು ಉಡಿ ತುಂಬುವ ಕಾರ್ಯ. “ನೀ ಬರಲಿಕ್ರ ಹೆಂಗವಾ? ಅತ್ತಿ ಇಲ್ಲದ ಕುಬಸ ಏನು?” ಎಂದ. ಎರಡು ವರ್ಷ ನಾನು ಕಾಯುತ್ತಿದ್ದದ್ದೇ ಇಂಥ ಕರೆಗೆ. ಈಗ ಬಂದಾಗ ಎದೆ ಭಾರವಾಯಿತು. ನಾನು ಕಿತ್ತ ಹೂವಿಗೆ ಬದಲಿ ಹೂ ಅಮ್ಮಾಜಿಯ ಕಣ್ಣಿಗೆ ಬೀಳುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಬೇಕಿತ್ತು. ನನ್ನ ತಪ್ಪು ಕಳೆಯಿತು ಎಂದು ನನಗೆ ಗೊತ್ತಾಗುವುದಕ್ಕೆ ಬೇರೆ ದಾರಿ ಇರಲಿಲ್ಲ. ಹಿಂಜರಿಯುತ್ತ ಅವರಿಗೆ ಹೇಳಿದೆ.

“ತವರಿನ ಕರೆಗೆ ಇಲ್ಲ ಅಂತಾರೇನೇ? ಹೋಗು,” ಎಂದು ಗದರಿದರು. “ಹೆಚ್ಚು ಹಿಮ ಬಿದ್ದರೆ ನಾನು ಜಾಡಿಸುತ್ತೇನೆ. ಹೂ ಬಂದರೆ ಫೋನು ಮಾಡುತ್ತೇನೆ.” ಹೊರಡುವ ದಿನ ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಅವರು ರಸ್ತೆಯಲ್ಲೇ ನಿಂತಿದ್ದರು.

ಮೂರು ದಿನದ ಪ್ರಯಾಣದ ಮೇಲೆ ಗದಗಿನಲ್ಲಿ ಇಳಿದೆ. ಸ್ಟೇಷನ್ನಿನ ಹೊರಗೆ ಆಟೋದವರು ಸ್ವೆಟರು, ಕಿವಿಗೆ ಮಫ್ಲರು ಸುತ್ತಿಕೊಂಡು “ಏನ್ ಥಂಡಿರೀ ಯಕ್ಕಾ!” ಅನ್ನುತ್ತಿದ್ದರು. ನಾನು ಬರೀ ಸೀರೆಯಲ್ಲಿ ಬೆವರುತ್ತಿದ್ದೆ. ಬೆಟಗೇರಿಯ ಓಣಿಗೆ ಬಂದಾಗ ಕಾಲು ತಾವೇ ನಡೆದವು. ವೈನಿ ಬಾಗಿಲಲ್ಲೇ ಕಾದಿದ್ದಳು, ಅಣ್ಣನ ಹೆಂಡತಿ ಅನ್ನುವುದಕ್ಕಿಂತ ನನ್ನ ಗೆಳತಿ ಅನ್ನಬೇಕು. ತಬ್ಬಿಕೊಂಡು, “ಎಷ್ಟ ಬೆಳ್ಳಗಾಗಿಯವಾ, ಆದ್ರ ತುಟಿ ಒಡದಾವು,” ಎಂದಳು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕೆನೆ ಮೊಸರು. ಮೂರು ರೊಟ್ಟಿ ತಿಂದ ಮೇಲೆ ಕೈ ತೊಳೆದುಕೊಂಡು ಮಗ್ಗದ ಕೋಣೆಗೆ ಹೋದೆ. ಹುಡುಗಿಯಾಗಿದ್ದಾಗ ಹತ್ತು ವರ್ಷ ನಾನು ನೇಯ್ದ ಮಗ್ಗ ಅದು.

ಮಗ್ಗ ಇರಲಿಲ್ಲ. ಕುಣಿಯೂ ಇರಲಿಲ್ಲ. ಗೋಡೆಯಿಂದ ಗೋಡೆಗೆ ಬಿಳಿ ಟೈಲ್ಸ್ ಹಾಕಿಸಿದ್ದರು, ಮೂಲೆಯಲ್ಲಿ ಫ್ರಿಜ್ ಇತ್ತು. ಅಣ್ಣ ಹಿಂದೆಯೇ ಬಂದ. “ಗೆದ್ದಲ ಹಿಡದಿತ್ತವಾ. ಕಟ್ಟಿಗಿ ನೀರೊಲಿಗೆ ಆತು. ಕುಬಸಕ್ಕ ಮಂದಿ ಕುಂಡ್ರಾಕ ಜಾಗಾ ಬೇಕಾತು ನೋಡು.”

“ಒಂದ ಮಾತು ಹೇಳಬಾರದೇನಣ್ಣಾ?”

“ಹೇಳಿದ್ರ ನೀ ಏನ್ ಬಂದು ನೇಯಾಕಿದ್ದಿ?” ಎಂದ, ಪ್ರೀತಿಯಿಂದಲೇ.

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ನಾನೇ ಎಷ್ಟು ಮದುವೆಗಳಲ್ಲಿ ಹೇಳಿ ನಗಿಸಿಲ್ಲ. ಅವತ್ತು ನಗು ಬರಲಿಲ್ಲ. ಟೈಲ್ಸ್ ಮೇಲೆ ಕುಣಿ ಇದ್ದ ಜಾಗ ಯಾವುದು ಎಂದು ಬರಿಗಾಲಿನಲ್ಲಿ ಹುಡುಕಿದೆ. ಎಲ್ಲ ಕಡೆಯೂ ಒಂದೇ ನುಣುಪು, ಗೊತ್ತಾಗಲಿಲ್ಲ.

ನಾಲ್ಕನೇ ದಿನ ಕುಬಸ. ಅದೇ ಕೋಣೆಯಲ್ಲಿ ಲಕ್ಷ್ಮಿಯನ್ನು ಹಸಿರು ಸೀರೆ, ಹಸಿರು ಬಳೆ ತೊಡಿಸಿ ಕೂರಿಸಿದೆವು. ಶಿರಹಟ್ಟಿಯ ಬೀಗರು, ಮುಂಡರಗಿಯ ಚಿಕ್ಕವ್ವ, ಓಣಿಯ ಹೆಂಗಸರು, ಎಲ್ಲ ಸೇರಿ ಕೋಣೆ ತುಂಬಿತ್ತು. ಅವಳ ಜಡೆಗೆ ಮೊಗ್ಗು ಹೊಲಿಯುವ ಕೆಲಸ ಅತ್ತೆಯಾದ ನನ್ನದು. ಕಾಕಡ, ಸೇವಂತಿಗೆ, ಮರುಗದ ವಾಸನೆಯಲ್ಲಿ ತಲೆ ತಿರುಗುವಂತಿತ್ತು. ಎರಡು ವರ್ಷ ಹಸಿದಿದ್ದ ಮೂಗಿಗೆ ಹಬ್ಬ. ಆಗ ಫೋನು ಬಂತು. ತೆರೆದರೆ ಅಮ್ಮಾಜಿ, ತಲೆಗೆ ಕಟ್ಟಿದ ಬಟ್ಟೆಯ ಮೇಲೆ ಹಿಮದ ಪುಡಿ, ಹಲ್ಲೆಲ್ಲ ಕಾಣುವ ನಗು.

“ನೀಲಾ, ಬಂತು!”

ಫೋನು ಅಲುಗಾಡಿತು, ಕೊಟ್ಟಿಗೆಯ ಗೋಡೆ ಕಂಡಿತು, ಅವರ ಬೆರಳು ಕಂಡಿತು, ಆಮೇಲೆ ಗಿಡ ಕಂಡಿತು. ಬೋಳು ಕಡ್ಡಿಗಳ ತುದಿಗಳಲ್ಲಿ ಗುಲಾಬಿ, ಬಿಳಿ ಗೊಂಚಲುಗಳು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅವರು ಬೆಳಿಗ್ಗೆಯಿಂದ ಅಲ್ಲೇ ಮಣೆ ಹಾಕಿಕೊಂಡು ಕುಳಿತಿದ್ದಾರಂತೆ. ಮಗ ಒಳಗೆ ಬಾ ಎಂದು ಬೈದರೂ ಏಳಲಿಲ್ಲವಂತೆ. ಅವ್ವನಿಗೆ ಹೇಳಿದಿರಾ ಎಂದು ಕೇಳಿದೆ. “ಹೇಳಿದೆ. ಜೋರಾಗಿಯೇ ಹೇಳಿದೆ,” ಎಂದರು. ಆಮೇಲೆ ಮುಖವನ್ನು ಫೋನಿಗೆ ಹತ್ತಿರ ತಂದು, ಯಾರೂ ಕೇಳಬಾರದು ಎಂಬಂತೆ ದನಿ ತಗ್ಗಿಸಿ, “ನೀಲಾ, ಒಂದು ಕೀಳಲಾ? ಅವ್ವನ ಫೋಟೋಕ್ಕೆ ಇಡುತ್ತೇನೆ,” ಎಂದರು.

“ನಿಮ್ಮ ಗಿಡ ಅಮ್ಮಾಜಿ! ನನ್ನನ್ನು ಯಾಕೆ ಕೇಳುತ್ತೀರಿ?”

“ವರ್ಷವೆಲ್ಲ ನೀನು ಸಾಕಿದ್ದು. ನಿನ್ನನ್ನು ಕೇಳದೆ ಹೇಗೆ ಕೀಳಲಿ?”

ನನ್ನ ಕೈಯಲ್ಲಿ ಸೂಜಿ, ದಾರ, ಅರ್ಧ ಹೊಲಿದ ಜಡೆ. ಸುತ್ತ ನನ್ನನ್ನು ಹುಟ್ಟಿದಾಗಿನಿಂದ ಬಲ್ಲ ಹೆಂಗಸರು. ಕಾಲ ಕೆಳಗೆ ಆ ಬಿಳಿ ಟೈಲ್ಸ್. ಸೂಜಿಯನ್ನು ಜಡೆಗೆ ಚುಚ್ಚಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆಮೇಲೆ, “ಒಂದೇ ಸಾಕು ಅಮ್ಮಾಜಿ. ಉಳಿದದ್ದು ನಾನು ಬರೋ ತನಕ ಗಿಡದಲ್ಲೇ ಇರಲಿ,” ಎಂದೆ. “ಯಾವಾಗ ಬರ್ತೀಯ?” ಎಂದರು. “ಇನ್ನು ಒಂಬತ್ತು ದಿನ,” ಎಂದೆ, ಒಂದು ಕ್ಷಣವೂ ತಡೆಯದೆ.

ಫೋನು ಇಟ್ಟಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹಿಂದಿ ಬಾರದವರಿಗೂ ಆ ಲೆಕ್ಕ ಅರ್ಥವಾಗಿತ್ತು. ತವರಿಗೆ ಬಂದ ಹೆಣ್ಣುಮಗಳು ಉಳಿದ ದಿನಗಳನ್ನು ಬೆರಳಲ್ಲಿ ಎಣಿಸುವುದು, ಅಯ್ಯೋ ಇಷ್ಟೇ ಉಳಿದವು ಎಂದು. ನಾನು ಎಣಿಸಿದ್ದು ಹಾಗಲ್ಲ, ಅದು ವೈನಿಗೆ ನನ್ನ ಮುಖದಲ್ಲೇ ಕಂಡಿರಬೇಕು. ಅವಳು ಬುಟ್ಟಿಯಿಂದ ಒಂದು ಹಿಡಿ ಮೊಗ್ಗು ತೆಗೆದು ನನ್ನ ಉಡಿಗೆ ಹಾಕಿ, “ಒಂಬತ್ತ ದಿನಾ ಅಂದ್ರ ಭಾಳ ಆತವಾ, ಜಡಿ ಮುಗಸ ಮದಲ,” ಎಂದಳು. ನಾನು ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದೆ. ವೈನಿಯನ್ನು ಬಿಟ್ಟು ಹೋಗುವ ದುಃಖ, ಅಲ್ಲಿಗೆ ಬೇಗ ಮುಟ್ಟಬೇಕೆಂಬ ಆತುರ, ಎರಡೂ ಒಟ್ಟಿಗೇ ಬಂದು ಸೂಜಿಯ ಕಣ್ಣು ಮಂಜಾಯಿತು.